ರೊಪ್ಪದ ಕಲ್ಲು

ಹಡಗಲಿ ಸೀಮೆಯ ನಮ್ಮ ಹೊಲದ ಪಕ್ಕ ಒಂದು ಹಳ್ಳವಿದೆ. ಬೇಸಿಗೆಯಲ್ಲಿ ಬರೀ ಮರಳು. ದೊಡ್ಡ ಮಳೆಯಾದಾಗ ಮಾತ್ರ ರೊಚ್ಚಿಗೆದ್ದು ಹರಿಯುತ್ತದೆ. ಪ್ರತಿ ಮಳೆಗಾಲ ದಡ ಕುಸಿದು, ಮಲ್ಲಿಗೆ ಗಿಡಗಳು ಬೇರುಸಹಿತ ಹಳ್ಳದ ಪಾಲಾಗುತ್ತಿದ್ದವು. ಕೊನೆಗೆ ನನ್ನ ಗಂಡ ದಡಕ್ಕೆ ಗೇಬಿಯನ್ ಕಟ್ಟಿಸಲು ಹೊರಟರು. ತಂತಿ ಬಲೆಯ ದೊಡ್ಡ ಪೆಟ್ಟಿಗೆಗಳಿಗೆ ಕಲ್ಲು ತುಂಬಿ, ಒಂದಕ್ಕೊಂದು ಹೆಣೆದು ಗೋಡೆಯಂತೆ ನಿಲ್ಲಿಸುತ್ತಾರೆ. ನೀರು ಸಂದಿಯಿಂದ ಹೋಗುತ್ತದೆ, ಮಣ್ಣು ಉಳಿಯುತ್ತದೆ.

ಅದೇ ಹೊಲದ ಮೂಲೆಯಲ್ಲಿ ಒಂದು ಕುರಿರೊಪ್ಪವಿತ್ತು. ಸೊಂಟದೆತ್ತರದ ಕಲ್ಲಿನ ಸುತ್ತುಗೋಡೆ, ಅಷ್ಟೆ. ಕೂಡ್ಲಿಗಿ ಕಡೆಯ ಕುರಿಗಾರರ ಕುಟುಂಬವೊಂದು ಸುಗ್ಗಿ ಮುಗಿದ ಮೇಲೆ ಬಂದು ಅಲ್ಲಿ ಇಳಿಯುತ್ತಿತ್ತು. ಹೊಲದ ಕಲ್ಲು ಆಯ್ದು ಅದನ್ನು ಕಟ್ಟಿದವನು ಆ ಮನೆಯ ಮುದುಕ. ಅವನ ಸೊಸೆ ನನ್ನ ಗೆಳತಿ. ಅವಳ ಮಗಳು ಹುಟ್ಟಿದ್ದು ಆ ರೊಪ್ಪದೊಳಗೇ. ಕೂಸನ್ನು ಮೊದಲು ಎತ್ತಿಕೊಂಡವಳು ನಾನು.

ಗೇಬಿಯನ್ ಕೆಲಸ ನಡೆಯುವಾಗ ತಂಗಿಯ ಬಾಣಂತನಕ್ಕೆಂದು ನಾನು ಕೋಗಳಿಯಲ್ಲಿದ್ದೆ. ತಿರುಗಿ ಬಂದಾಗ ಹೊಲದ ಮೂಲೆ ಬೋಳಾಗಿತ್ತು.

"ಕಲ್ಲು ಸಾಲಲಿಲ್ಲ," ಎಂದರು ಗಂಡ. "ಮಳಿ ಬರೋ ಹೊತ್ತಾತು, ಕಲ್ಲು ತರೋ ಟ್ರ್ಯಾಕ್ಟರಿನವ ಕೈ ಕೊಟ್ಟ. ಅರ್ಧ ತುಂಬಿದ ಪೆಟ್ಟಿಗಿ ಹಂಗ ಬಿಟ್ರ ಕೊಚ್ಚಿ ಹೋಗ್ತಿದ್ವು. ಮತ್ತೇನ್ ಮಾಡ್ಲಿ?"

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆ ಮಳೆಗಾಲ ಹಳ್ಳ ತುಂಬಿ ಬಂದರೂ ಗೋಡೆ ಕದಲಲಿಲ್ಲ. ಒಂದು ಮಲ್ಲಿಗೆ ಗಿಡವೂ ಹೋಗಲಿಲ್ಲ. ಊರವರು ಬಂದು ನೋಡಿ ಹೊಗಳಿದರು. ನನಗೆ ಮಾತ್ರ ಆ ಸಲ ಸುಗ್ಗಿ ಮುಗಿಯುವುದೇ ಬೇಡವಾಗಿತ್ತು.

ಸುಗ್ಗಿ ಮುಗಿದು ಕುರಿಗಾರರು ಬಂದರು. ಗೆಳತಿ ಬೋಳು ಮೂಲೆಯನ್ನು ನೋಡಿದಳು, ಆಮೇಲೆ ದಡದತ್ತ ನಡೆದಳು. ತಂತಿಯೊಳಗೆ ಬೆರಳು ತೂರಿಸಿ ಮಸಿ ಹಿಡಿದ ಒಂದು ಕಲ್ಲನ್ನು ಮುಟ್ಟಿದಳು.

"ಇದು ನನ್ನ ಒಲಿಗಲ್ಲು, ಅಕ್ಕಾ."

ಮುದುಕ ನೆಲದ ಮೇಲೆ ಕೂತಿದ್ದ. "ನಿಮ್ಮ ಹೊಲ ಉಳೀತಲ್ಲ, ಆತು ಬಿಡ್ರಿ," ಎಂದ. ಅವನ ದನಿಯಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತೇನೋ.

ಸಂಜೆಗೆ ಜಾಲಿಮುಳ್ಳು ಕಡಿದು ಬೇಲಿ ಹಾಕಿಕೊಂಡರು. ಬೆಳಗಾಗುವಷ್ಟರಲ್ಲಿ ತೋಳ ಮುಳ್ಳು ಸರಿಸಿ ನುಗ್ಗಿ ಮರಿಗಳನ್ನು ಒಯ್ದಿತ್ತು. ಗಂಡ ಬೇಲಿಯ ಬಳಿಗೆ ಓಡಿ ಬಂದರು.

"ಇರ್ರಿ, ಹೊಸಾ ರೊಪ್ಪ ಕಟ್ಟಿಸಿಕೊಡ್ತೀನಿ," ಎಂದರು.

"ಕಟ್ಟಸ್ರಿ ಗೌಡ್ರ, ಮುಂದಿನ ವರ್ಷ ನೋಡಾಣು. ಈಗ ಉಳಿದ ಮರಿ ಕಾಯ್ಕಬೇಕು," ಎಂದು ಮುದುಕ ಎದ್ದ.

ಮಧ್ಯಾಹ್ನದ ಹೊತ್ತಿಗೆ ಮಂದೆ ದಾರಿ ಹಿಡಿಯಿತು. ಹೊರಡುವ ಮುನ್ನ ಗೆಳತಿ ನನ್ನ ಕೈ ಹಿಡಿದು ನಿಂತಳು.

ಗಂಡ ಮಾತು ತಪ್ಪಲಿಲ್ಲ. ಸಿಮೆಂಟು ಹಾಕಿ ಗಟ್ಟಿಯಾದ ರೊಪ್ಪ ಕಟ್ಟಿಸಿದರು. ಮರುವರ್ಷ ಮಂದೆ ಬರಲಿಲ್ಲ. ಈಗ ಅದರಲ್ಲಿ ಸೌದೆ ಒಟ್ಟಿದ್ದೇವೆ.

ಕೆಲವು ವರ್ಷ ಕಳೆದ ಮೇಲೆ ಗೆಳತಿಗೆ ಫೋನ್ ಮಾಡಿದೆ. ಹರಪನಹಳ್ಳಿ ಹತ್ತಿರ ಬೇರೊಬ್ಬರ ಹೊಲದಲ್ಲಿ ಇಳಿದಿದ್ದರಂತೆ. ಮುದುಕ ತೀರಿಕೊಂಡಿದ್ದ. ಅದು ನನಗೆ ಗೊತ್ತೇ ಇರಲಿಲ್ಲ.

"ಮಗಳು ಈಗ ನಿಮ್ಮಷ್ಟು ಎತ್ರ ಆಗ್ಯಾಳ," ಎಂದಳು. "ಒಂದಿನ ಬಂದು ನೋಡ್ಕೊಂಡು ಹೋಗ್ರಿ, ಅಕ್ಕಾ."

"ಬರ್ತೀನವ್ವಾ," ಎಂದೆ. ಹರಪನಹಳ್ಳಿ ದೂರವೇನಲ್ಲ, ಬಸ್ಸುಗಳಿವೆ. ಇನ್ನೂ ಹೋಗಿಲ್ಲ.