ಗಡಿಯ ಮೇಲಿನ ಗುಂಡಿ

ಲಂಡನ್ನಿನಲ್ಲಿ ನಮ್ಮ ಬೀದಿಯ ನಟ್ಟನಡುವೆ ಎರಡು ಸ್ಥಳೀಯ ಆಡಳಿತಗಳ, ಅಂದರೆ ಕೌನ್ಸಿಲ್‌ಗಳ ಗಡಿ ಹಾದುಹೋಗುತ್ತಿತ್ತು. ಆ ಗಡಿಯ ಮೇಲೆಯೇ ಗುಂಡಿ ಬಿತ್ತು. ಮೈಸೂರಿನಿಂದ ಬಂದಿದ್ದ ಅಮ್ಮ ಅದರಲ್ಲಿ ಕಾಲು ಉಳುಕಿಸಿಕೊಂಡರು. ಫೋನ್ ಮಾಡಿದರೆ ನಮ್ಮ ಕೌನ್ಸಿಲ್‌ನವರು ಆಚೆಯವರನ್ನು ಕೇಳಿ ಎಂದರು. ಆಚೆಯವರು ನಮ್ಮವರತ್ತ ಬೆರಳು ತೋರಿಸಿದರು. ಇಡೀ ನಗರದ ಆಡಳಿತದವರು ತಮ್ಮದು ದೊಡ್ಡ ರಸ್ತೆಗಳು ಮಾತ್ರ ಎಂದು ಫೋನ್ ಇಟ್ಟರು.

ಇವರ ಮನೆ ಹಾಳಾಗ ಎಂದು ಬೈದುಕೊಳ್ಳುತ್ತಾ, ಜನ ನೋಡಿಕೊಂಡಾದರೂ ದಾಟಲಿ ಎಂದು ಗುಂಡಿಯ ಸುತ್ತ ದೊಡ್ಡ ರಂಗೋಲಿ ಹಾಕಿದೆ. ಮರುದಿನವೇ ಎರಡೂ ಕೌನ್ಸಿಲ್‌ಗಳ ಗಾಡಿಗಳು ಬಂದವು. ರಸ್ತೆಯ ಮೇಲೆ ಬರೆಯುವುದು ತಪ್ಪಂತೆ! ಅವರವರ ಕಡೆಯ ಅರ್ಧ ರಂಗೋಲಿಯನ್ನು ಅವರವರೇ ತೊಳೆದರು.

"ಅಲ್ಲ ಕಣೇ, ಗುಂಡಿ ಮುಚ್ಚೋದ್ ಬಿಟ್ಟು ಇದೇನ್ ಮಾಡ್ತಿದಾರೆ?" ಎಂದರು ಅಮ್ಮ.

ತೊಳೆದ ನೀರೆಲ್ಲ ಹರಿದು ಹೋಗಿ ಗುಂಡಿಯಲ್ಲೇ ನಿಂತಿತು.