ಗಾಜು ಹಾಕಿಸದ ಮುಖ

ಅಪ್ಪನ ಬಣ್ಣದ ಡಬ್ಬಿಯ ಮುಚ್ಚಳ ತೆಗೆದಾಗ ಮೊದಲು ಬಂದದ್ದು ವಾಸನೆ: ಒಣ ಸುಣ್ಣದ ಪುಡಿ, ಹಳೆಯ ಹತ್ತಿ, ಜೊತೆಗೆ ಒಂದಿಷ್ಟು ಹುಣಸೆಹಣ್ಣು. ಹಿಂದೂಪುರದಲ್ಲಿ ನಮ್ಮ ಬಾಡಿಗೆ ಮನೆ ಹುಣಸೆ ಮಂಡಿಯ ಹಿಂದಿತ್ತು. ಅಲ್ಲಿ ಎಲ್ಲಕ್ಕೂ, ನನ್ನ ಶಾಲೆಯ ಪುಸ್ತಕಗಳಿಗೂ, ಆ ಹುಳಿ ಹಿಡಿದಿರುತ್ತಿತ್ತು. ಅಪ್ಪ ಡ್ರಾಯಿಂಗ್ ಮೇಷ್ಟ್ರು. ಭಾನುವಾರ ಪೇಸ್ಟಲ್ ಎಂಬ ಪುಡಿಬಣ್ಣದ ಕಡ್ಡಿಗಳಲ್ಲಿ ಚಿತ್ರ ಬರೆಯುತ್ತಿದ್ದ. ಪಕ್ಕದಲ್ಲಿ ಕೂತು ನಾನೂ ಮುರಿದ ತುಂಡುಗಳಲ್ಲಿ ಬರೆಯುತ್ತಿದ್ದೆ. ಅವನು ಕಲಿಸಿದ ಮೊದಲ ಪಾಠವೆಂದರೆ, ಈ ಬಣ್ಣ ಕಾಗದಕ್ಕೆ ಅಂಟುವುದಿಲ್ಲ, ಅದರ ಮೇಲೆ ಕೂತಿರುತ್ತದೆ ಅಷ್ಟೇ. ಚೌಕಟ್ಟು ಕಟ್ಟಿಸಿ ಗಾಜು ಹಾಕುವವರೆಗೆ ಮುಟ್ಟಬಾರದು.

ಅಮ್ಮ ತೀರಿಹೋದಾಗ ನನಗೆ ಏಳು ವರ್ಷ. ಅವಳ ಮುಖ ಕಾಣುವ ಒಂದು ಫೋಟೋವೂ ನಮ್ಮಲ್ಲಿರಲಿಲ್ಲ. ಮದುವೆಯ ಫೋಟೋದಲ್ಲಿ ತಲೆ ತಗ್ಗಿಸಿದ್ದಳು; ಬೈತಲೆ, ಬಾಸಿಂಗ ಮಾತ್ರ ಕಾಣುತ್ತಿತ್ತು. ನಿಮ್ಮ ಮನೆಯಲ್ಲೂ ಅಂಥದೊಂದು ಫೋಟೋ ಇದ್ದೀತು. ಅಪ್ಪ ತಿಂಗಳುಗಟ್ಟಲೆ ಕೂತು ನೆನಪಿನಿಂದಲೇ ಅವಳ ಮುಖ ಬರೆದ. ಕೆನ್ನೆಯ ಬಣ್ಣ ಯಾವ ಕಡ್ಡಿಯಲ್ಲೂ ಸಿಗದೆ, ಇಟ್ಟಿಗೆ ಕೆಂಪನ್ನೂ ಹಳದಿಯನ್ನೂ ಬೆರಳಿನಿಂದ ತೀಡಿ ತೀಡಿ ತಂದ. ಗಾಜಿಗೆ ಕೊಡುವ ಮುನ್ನ ಹೆತ್ತವಳು ನೋಡಿ ಒಪ್ಪಲಿ ಎಂದು ಕಲ್ಯಾಣದುರ್ಗದಿಂದ ಅಜ್ಜಿಯನ್ನು ಕರೆಸಿದ.

ಅಜ್ಜಿ ಚೀಲ ಇಳಿಸದೆಯೇ, ಗೋಡೆಗೆ ಒರಗಿಸಿದ್ದ ಚಿತ್ರದ ಮುಂದೆ ನಿಂತಳು. "ಮೂಗು ಇನ್ನೊಂಚೂರು ಮೊಂಡಿತ್ತು ಕಣಪ್ಪ. ಹೆಂಡ್ತಿ ಅಂತ ಚೆಂದ ಮಾಡ್ಬುಟ್ಟಿದ್ದೀಯ," ಎಂದಳು. ಅಮ್ಮ ಹೋದ ಮೇಲೆ ಅಪ್ಪ ನಕ್ಕದ್ದು ಅದೇ ಮೊದಲು. "ಇರು ಅತ್ತೆ, ಕಾಪಿ ತತ್ತೀನಿ," ಎಂದು ಒಳಗೆ ಹೋದ. ಅಜ್ಜಿ ಚಿತ್ರದ ಮುಂದೆ ಕುಕ್ಕರಗಾಲಲ್ಲಿ ಕೂತಳು. ತವರಿಗೆ ಬಂದ ಅಮ್ಮನನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು ಮಾಡುತ್ತಿದ್ದಂತೆಯೇ, "ನಾ ತಲ್ಲೀ, ನನ್ನವ್ವಾ, ಎಷ್ಟು ಸೊರಗಿದ್ದೀಯೇ," ಎಂದು ಎರಡೂ ಅಂಗೈ ಚಾಚಿದಳು. ಮುಟ್ಟಬೇಡ ಎಂದು ಹೇಳಬೇಕೆನ್ನುವುದು ನನಗೆ ಗೊತ್ತಿತ್ತು. ಹೇಳಲಿಲ್ಲ. ಅಮ್ಮನನ್ನು ಯಾರಾದರೂ ಮುಟ್ಟುವುದನ್ನು ನೋಡಬೇಕೆನಿಸಿತ್ತು. ಅಜ್ಜಿ ಹಣೆಯಿಂದ ಗಲ್ಲದವರೆಗೂ ಸವರಿ, ಬೆರಳುಗಳನ್ನು ಕಿವಿಗಳ ಮುಂದೆ ತನ್ನ ಕಣತಲೆಗಳಿಗೆ ಒತ್ತಿ ದೃಷ್ಟಿಯ ನೆಟಿಕೆ ಮುರಿದಳು. ಹತ್ತೂ ಬೆರಳು ಲಟಲಟ ಎಂದವು. ಕಾಗದದ ಮೇಲೆ ಮುಖವಿದ್ದ ಕಡೆ ಬರೀ ಮಬ್ಬು ಉಳಿದಿತ್ತು.

"ಅಯ್ಯೋ, ಮಗಳ ಮಕ ನಾನೇ ಅಳಿಸ್ಬುಟ್ನಲ್ಲಪ್ಪಾ!"

ಲೋಟ ಹಿಡಿದು ಬಂದ ಅಪ್ಪ ಕಾಗದ ನೋಡಿ, ಲೋಟ ಕೆಳಗಿಟ್ಟ. "ಬಿಡು ಅತ್ತೆ. ತಿರ್ಗಾ ಬರೀತೀನಿ. ತಲೇಲಿ ಐತೆ," ಎಂದ. ಬರೆಯಲಿಲ್ಲ. ಡಬ್ಬಿ ಅಟ್ಟ ಸೇರಿತು. ಆಮೇಲೆ ನಾನೂ ಕಡ್ಡಿ ಹಿಡಿಯಲಿಲ್ಲ. ಚಿತ್ರ ಅಳಿಸಿದ ದಿನವೇ ಮಧ್ಯಾಹ್ನ ಬಸ್ಸಿಗೆ ಹೊರಟ ಅಜ್ಜಿಯ ಕಣತಲೆಗಳಲ್ಲಿ ಬಣ್ಣ ಹಾಗೇ ಇತ್ತು; ಮುಖ ತೊಳೆದುಕೋ ಎಂದೆ. "ಬ್ಯಾಡ ಕಣಮ್ಮ, ಹಿಂಗೇ ಹೋಯ್ತೀನಿ," ಎಂದಳು.

ಇಪ್ಪತ್ತು ವರ್ಷ ಕಳೆಯಿತು. ಅಜ್ಜಿ ಹೋದಳು. ಈಚೆಗೆ ಅಪ್ಪನೂ ಹೋದ. ಮನೆ ಖಾಲಿ ಮಾಡುವಾಗ ಅಟ್ಟದಲ್ಲಿ ಸಿಕ್ಕ ಡಬ್ಬಿಯನ್ನು ತಂದು, ಕಳೆದ ಭಾನುವಾರ ಕಾಗದದ ಮುಂದೆ ಕೂತೆ. ಕೈ ಒರಟಾಗಿತ್ತು, ಎರಡು ಕಡ್ಡಿ ಮುರಿದವು. ಅಮ್ಮನ ಹಣೆ ಬರೆದೆ, ಬೈತಲೆ ಬರೆದೆ. ಅದರಿಂದ ಕೆಳಗೆ ನನಗೇನೂ ನೆನಪಿರಲಿಲ್ಲ. ಇನ್ನೊಂದು ಕಾಗದ ತೆಗೆದುಕೊಂಡೆ. ಬಸ್ಸಿನ ಕಿಟಕಿಯಲ್ಲಿ ಕೂತ ಅಜ್ಜಿಯ ಮುಖ ಸರಾಗವಾಗಿ ಕಾಗದಕ್ಕೆ ಬಂತು. ಕೊನೆಗೆ ಇಟ್ಟಿಗೆ ಕೆಂಪನ್ನೂ ಹಳದಿಯನ್ನೂ ಬೆರಳಿನಿಂದ ತೀಡಿ, ಅವಳ ಎರಡೂ ಕಣತಲೆಗಳಿಗೆ ಹಚ್ಚಿದೆ. ಅಮ್ಮನ ಬಣ್ಣವನ್ನು ನಾನು ಕೊನೆಯ ಸಲ ನೋಡಿದ್ದು ಅಲ್ಲೇ.

ಚಿತ್ರ ಗೋಡೆಗೆ ಒರಗಿದೆ. ಗಾಜು ಹಾಕಿಸಿಲ್ಲ.