ಮೇವಿಸ್‌ಗೆ ಮಾಟುಂಗದ ಕಂಠ

ಮಾಟುಂಗದ ವಸಂತಿ ಪೂಜಾರಿಯವರು ಅರವತ್ತು ದಾಟಿದ ಮೇಲೆ ಹಾಲಿವುಡ್ ನಟಿಯಾದರು. ಪೂರ್ತಿ ಅಲ್ಲ, ಗಂಟಲಿನ ಮಟ್ಟಿಗೆ.

ಕಾರ್ಕಳದ ಕಡೆಯಿಂದ ಮದುವೆಯಾಗಿ ಮುಂಬಯಿಗೆ ಬಂದಾಗ ಅವರ ಸಂಸಾರ ಬೈಕುಲ್ಲಾದ ಒಂದು ಚಾಳಿನಲ್ಲಿತ್ತು. ಗಂಡ ಪೂವಪ್ಪ ಎದುರು ಬೀದಿಯ ಹೋಟೆಲಿನಲ್ಲಿ ಮ್ಯಾನೇಜರ್. ಮಧ್ಯಾಹ್ನ ವಸಂತಿ ಗ್ಯಾಲರಿಗೆ ಬಂದು ಒಮ್ಮೆ ಊಟಕ್ಕೆ ಕರೆದರೆ ಪೂವಪ್ಪನವರ ಜೊತೆಗೆ ಹೋಟೆಲಿನ ಗಿರಾಕಿಗಳೂ ಎದ್ದು ನಿಲ್ಲುತ್ತಿದ್ದರು. ಹೆಣ್ಣಿಗೆ ಇಷ್ಟು ಗಂಟಲು ಯಾಕೆ ಎಂದು ಅತ್ತೆ ಗೊಣಗಿದ್ದುಂಟು. ಮುಂದೆ ಮನೆ ಮಾಟುಂಗಕ್ಕೆ ಬದಲಾದಾಗ ಆ ಗಂಟಲಿಗೆ ಅಲ್ಲಿನ ಕನ್ನಡ ಸಂಘದಲ್ಲಿ ಕೆಲಸ ಸಿಕ್ಕಿತು. ಸಂಘದ ಯಾವ ಕಾರ್ಯಕ್ರಮವಿದ್ದರೂ ನಿರೂಪಣೆ ವಸಂತಿಯವರದೇ.

ಒಂದು ವಾರ್ಷಿಕೋತ್ಸವದ ಸಂಜೆ ಮೈಕು ಕೆಟ್ಟು ಕೂತಿತು. ವಸಂತಿಯವರು ಸೆರಗು ಸಿಕ್ಕಿಸಿಕೊಂಡು ಮೈಕಿಲ್ಲದೆಯೇ ಕಾರ್ಯಕ್ರಮ ಮುಗಿಸಿದರು. ಮಧ್ಯದಲ್ಲಿ, ಹಿಂದೆ ನಿಂತು ಹರಟುತ್ತಿದ್ದ ಗಂಡಸರನ್ನು ಹೆಸರು ಹಿಡಿದು ಗದರಿಸಿದ್ದೂ ಆಯಿತು. ಸಭೆ ಮುಗಿದ ಕೂಡಲೇ ಒಬ್ಬ ಹೆಂಗಸು ಜನರನ್ನು ಸರಿಸಿಕೊಂಡು ಅವರ ಹತ್ತಿರ ಬಂದಳು. ಹೆಸರು ರಂಜನಿ, ಬೆಂಗಳೂರಿನವಳು, ಮಲಾಡಿನಲ್ಲಿ ಡಬ್ಬಿಂಗ್ ಸ್ಟುಡಿಯೋ ನಡೆಸುತ್ತಿದ್ದಳು.

"ಆಂಟಿ, ನಿಮ್ಮ ವಾಯ್ಸ್ ನನಗೆ ಬೇಕು."

"ತಕೊಂಡು ಹೋಗಿ ಮಾರಾಯ್ತಿ. ನಮ್ಮವರಿಗೆ ಸ್ವಲ್ಪ ನೆಮ್ಮದಿ ಆಗ್ತದೆ," ಎಂದರು ವಸಂತಿ.

ವಿಷಯ ಏನೆಂದರೆ, ಮೇವಿಸ್ ಡೆಲ್ಮಾರ್ ಎಂಬ ಹಾಲಿವುಡ್ ನಟಿಯ ಹಳೆಯ ಕಪ್ಪು ಬಿಳುಪು ಚಿತ್ರಗಳನ್ನೆಲ್ಲ ಒಂದು ಕಂಪನಿ ಕನ್ನಡಕ್ಕೆ ತರುತ್ತಿತ್ತು. ಮೇವಿಸ್ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಯಾವುದೋ ಸಣ್ಣ ಊರಿನ ದೋಬಿಯ ಮಗಳು, ನೃತ್ಯದ ಗುಂಪಿನಲ್ಲಿ ಕೊನೆಯ ಸಾಲಿನಿಂದ ಶುರುಮಾಡಿ ನಾಯಕಿಯಾದವಳು, ಮುಪ್ಪಿನವರೆಗೂ ಬಣ್ಣ ಹಚ್ಚುತ್ತಲೇ ಇದ್ದವಳು. ಅವಳ ನಡುವಯಸ್ಸಿನ ಮತ್ತು ಮುಪ್ಪಿನ ಚಿತ್ರಗಳಿಗೆ ವಸಂತಿಯವರ ಕಂಠ ಎಂದು ನಿಶ್ಚಯವಾಯಿತು.

ಮೊದಲ ದಿನ ಮೇವಿಸ್ ದೊಡ್ಡ ಬಂಗಲೆಯ ಸಿಡುಕಿನ ಯಜಮಾನಿ. ಬೈಯುವುದರಲ್ಲಿ ವಸಂತಿಯವರಿಗೆ ಹೇಳಿಕೊಡುವುದೇನೂ ಇರಲಿಲ್ಲ, ನಿಲ್ಲಿಸುವುದನ್ನು ಹೇಳಿಕೊಡಬೇಕಾಯಿತು. ಪರದೆಯ ಮೇಲೆ ಮೇವಿಸ್ ಬಾಯಿ ಮುಚ್ಚಿ ಮೆಟ್ಟಿಲು ಹತ್ತಿಹೋದರೂ ಬೈಗುಳ ಮುಂದುವರಿದಿತ್ತು. ಅದರಲ್ಲೂ ಬಟ್ಲರನಿಗೆ "ಎಂತ ಮಾರಾಯ" ಎಂದದ್ದು ಕೇಳಿ ರಂಜನಿ ಗಾಜಿನಾಚೆಯಿಂದ ಕೈ ಮುಗಿದಳು.

"ಆಂಟಿ, ಅವರು ಕ್ಯಾಲಿಫೋರ್ನಿಯಾದವರು. ಕಾರ್ಕಳದವರಲ್ಲ!"

ವಸಂತಿಯವರು ಹಟ ಹಿಡಿದು ಕಲಿತರು. ಮಾಟುಂಗ ರೋಡ್ ಸ್ಟೇಷನ್ನಿನಲ್ಲಿ ಬೊರಿವಲಿ ಲೋಕಲ್ ಹತ್ತಿದವರೇ ಲೇಡೀಸ್ ಡಬ್ಬದಲ್ಲಿ ಮಾತುಗಳನ್ನು ಬಾಯಿಪಾಠ ಮಾಡುತ್ತಿದ್ದರು. ಒಮ್ಮೆ, "ಏಳು ಮೇಲೆ! ಇನ್ನೊಂದು ಕ್ಷಣವೂ ನೀನು ಇಲ್ಲಿರಕೂಡದು!" ಎಂದು ಚಿತ್ರದಲ್ಲಿ ಮೇವಿಸ್ ಸೊಸೆಗೆ ಹೇಳುವ ಮಾತನ್ನು ಜೋರಾಗಿ ಹೇಳಿಬಿಟ್ಟರು. ಎದುರಿಗಿದ್ದ ಹುಡುಗಿ ಗಾಬರಿಯಿಂದ ಎದ್ದು ನಿಂತಳು. ಕನ್ನಡದವಳೋ ಅಲ್ಲವೋ, ಸ್ವರ ಅವಳಿಗೆ ಅರ್ಥವಾಗಿತ್ತು. ವಸಂತಿಯವರು ಕ್ಷಮೆ ಕೇಳಿದರು. ಆದರೆ ಸೀಟು ಖಾಲಿಯಾಗಿತ್ತಲ್ಲ, ಕೂತುಕೊಂಡೇ ಕೇಳಿದರು.

ಇನ್ನೊಂದು ಚಿತ್ರದಲ್ಲಿ ನಡುವಯಸ್ಸಿನ ಮೇವಿಸ್ ವಿಧವೆ. ಅವಳು ಹಡಗಿನ ಕಪ್ತಾನನನ್ನು ಮೆಚ್ಚಿ ಮದುವೆಯಾಗುತ್ತಾಳೆ. ಕಪ್ತಾನನೆಂದ ಮೇಲೆ ಮುತ್ತೂ ಉಂಟು. ಆ ಸದ್ದಿಗೆ ಡಬ್ಬಿಂಗಿನವರು ತಮ್ಮದೇ ಕೈಗೆ ಮುತ್ತಿಡುತ್ತಾರೆ. ಅದೇ ದಿನ ಪೂವಪ್ಪನವರು ಹೆಂಡತಿಯ ಕೆಲಸ ನೋಡಲೆಂದು ಮೊದಲ ಬಾರಿ ಸ್ಟುಡಿಯೋಗೆ ಬಂದರು. ಗಾಜಿನೊಳಗೆ ವಸಂತಿ ಕಣ್ಣು ಮುಚ್ಚಿ ತನ್ನ ಮುಂಗೈಯನ್ನು ಮತ್ತೆ ಮತ್ತೆ ತುಟಿಗೆ ಒತ್ತಿಕೊಳ್ಳುತ್ತಿದ್ದರು. ಹೊರಗೆ ಬಂದ ಕೂಡಲೇ ಪೂವಪ್ಪ ಆತಂಕದಿಂದ ಕೇಳಿದರು:

"ಎಂತ, ಕೈ ಸುಟ್ಟುಕೊಂಡಿಯಾ?"

"ಇಲ್ಲ. ಕಪ್ತಾನ."

"ಯಾವ ಕಪ್ತಾನ?"

ರಂಜನಿ ವಿವರಿಸಿದಳು. ಪೂವಪ್ಪನವರು ಮಲಾಡಿನಿಂದ ಮಾಟುಂಗದವರೆಗೆ ಕಿಟಕಿಯ ಹೊರಗೆ ನೋಡಿಕೊಂಡೇ ಬಂದರು. ಮನೆ ತಲುಪಿದ ಮೇಲೆ, "ಕಪ್ತಾನನಿಗೆ ಮೀಸೆ ಉಂಟಾ?" ಎಂದಷ್ಟೇ ಕೇಳಿದರು.

ಹೀಗೆ ನಡೆಯುತ್ತಿರಲು ಮೇವಿಸ್‌ಳ ಹರೆಯದ ಚಿತ್ರಗಳ ಸರದಿ ಬಂತು. ವಸಂತಿಯವರು ಎಂದಿನಂತೆ ಹೋದರೆ ಅಲ್ಲಿ ಲಾವಣ್ಯಾ ಎಂಬ ಹುಡುಗಿ ಮೈಕಿನ ಮುಂದೆ ನಿಂತಿದ್ದಳು. ಮುಂಬಯಿಯಲ್ಲೇ ಹುಟ್ಟಿ ಬೆಳೆದವಳು, ಗಾಜಿನ ಬಳೆಯಂಥ ಸ್ವರ. ವಸಂತಿಯವರು ನೇರ ರಂಜನಿಯ ಹತ್ತಿರ ಹೋದರು.

"ರಂಜನಿ, ಆ ಮೇವಿಸ್ ಎಲ್ಲಿ ಉಸಿರು ತೆಗೀತಾಳೆ ಅಂತ ನನಗೆ ಗೊತ್ತು. ಹರೆಯದ್ದೂ ನಾನೇ ಮಾಡ್ತೇನೆ."

"ಒಂದ್ಸಲ ಟ್ರೈ ಮಾಡಿ ಆಂಟಿ."

ಮಾಡಿದರು. ಪರದೆಯ ಮೇಲೆ ಇಪ್ಪತ್ತರ ಮೇವಿಸ್ ರೆಪ್ಪೆ ಬಡಿಯುತ್ತಾ ಬಾಯಿ ತೆರೆದರೆ, ಬಾಡಿಗೆ ಕೇಳಲು ಬಂದ ಮನೆಯೊಡತಿಯ ಧ್ವನಿ ಹೊರಟಿತು. ಸ್ವರ ಸಣ್ಣ ಮಾಡಲು ಹೋದರೆ ಕೆಮ್ಮು ಬಂತು. ಧ್ವನಿಮುದ್ರಣ ನೋಡಿಕೊಳ್ಳುತ್ತಿದ್ದ ನಮಿತಾ ತಲೆ ತಗ್ಗಿಸಿ ಯಾವುದೋ ಗುಂಡಿ ತಿರುಗಿಸುತ್ತಾ ಕೂತಳು. ವಸಂತಿಯವರು ಹೆಡ್‌ಫೋನು ತೆಗೆದಿಟ್ಟು ಹೊರಗೆ ಬಂದು ಬೆಂಚಿನ ಮೇಲೆ ಕುಳಿತರು.

ರಂಜನಿ ಚಹಾ ತಂದು ಪಕ್ಕದಲ್ಲಿ ಕೂತಳು. "ಆಂಟಿ, ಮೇವಿಸ್‌ಗೂ ಹೀಗೇ ಆಗಿತ್ತು. ಮೂವತ್ತೆಂಟಕ್ಕೇ ಸ್ಟುಡಿಯೋದವರು, ನಿನಗೆ ವಯಸ್ಸಾಯ್ತು, ನಾಯಕಿ ಪಾತ್ರ ಸಿಗಲ್ಲ ಅಂದುಬಿಟ್ರು."

"ಮೂವತ್ತೆಂಟಕ್ಕಾ!" ವಸಂತಿಯವರು ಸೆಟೆದು ಕೂತರು. "ಅವರ ಕಣ್ಣಿಗೆ ಎಂತ ಆಗಿತ್ತು? ಅವಳು ಎಂತ ಮಾಡಿದಳು?"

"ಮಾರನೇ ವಾರವೇ ತಾಯಿ ಪಾತ್ರಕ್ಕೆ ಸಹಿ ಹಾಕಿದ್ರು. ಅದರಲ್ಲಿ ನಾಯಕಿ ಯಾರು ಅಂತ ಇವತ್ತು ಯಾರಿಗೂ ನೆನಪಿಲ್ಲ."

ವಸಂತಿಯವರು ಚಹಾ ಮುಗಿಸಿದರು. ಸಿಟ್ಟು ತನ್ನ ಮೇಲಿನದು ಹೋಗಿ ಆ ಸ್ಟುಡಿಯೋದವರ ಮೇಲೆ ತಿರುಗಿತ್ತು. ಎದ್ದು ಒಳಗೆ ಹೋಗಿ ಲಾವಣ್ಯಾಳ ಪಕ್ಕ ಕುರ್ಚಿ ಎಳೆದುಕೊಂಡರು.

"ನಿನಗೆ ಕನ್ನಡ ಬರ್ತದಾ ಮಗಾ?"

"ಸಮಝ್ ಆಗ್ತದೆ ಆಂಟಿ. ಬೋಲ್ಲಿಕ್ಕೆ ಥೋಡಾ ಪ್ರಾಬ್ಲೆಮ್."

ಆ ಥೋಡಾ ಎಷ್ಟು ದೊಡ್ಡದೆಂದು ಸ್ವಲ್ಪ ಹೊತ್ತಿನಲ್ಲೇ ತಿಳಿಯಿತು. ಲಾವಣ್ಯಾ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಓದುತ್ತಿದ್ದಳು. ವಸಂತಿಯವರು ಒಂದೊಂದೇ ಮಾತನ್ನು ತಿದ್ದುತ್ತಾ ಹೋದರು. ಪರದೆಯಲ್ಲಿ ಬೆಳದಿಂಗಳು, ದೋಣಿ, ನಾಯಕನ ಭುಜದ ಮೇಲೆ ಮೇವಿಸ್‌ಳ ತಲೆ. "ನನ್ನ ಬಾಳು ನೀನು" ಎನ್ನಬೇಕು. ಲಾವಣ್ಯಾ ಉಸಿರು ತುಂಬಿಕೊಂಡು, ಕಣ್ಣಲ್ಲಿ ನೀರು ತಂದುಕೊಂಡು ಹೇಳಿದಳು:

"ನನ್ನ ಭಾಲೂ ನೀನು."

ಹಿಂದಿಯಲ್ಲಿ ಭಾಲೂ ಎಂದರೆ ಕರಡಿ. ನಾಯಕನ ಕೋಟೂ ನೋಡಲು ಹಾಗೇ ಇತ್ತು. ವಸಂತಿಯವರು ಮೂಗಿನಲ್ಲಿ ಒಮ್ಮೆ ಸುಂಯ್ ಎಂದರು, ಬಾಯಿಗೆ ಸೆರಗು ಒತ್ತಿದರು, ತಡೆಯಲಾಗದೆ ಸ್ಟೀಲ್ ತಟ್ಟೆಗಳ ರಾಶಿ ಉರುಳಿದ ಹಾಗೆ ನಕ್ಕುಬಿಟ್ಟರು. ಲಾವಣ್ಯಾಳೂ ನಗುತ್ತಾ ನೆಲಕ್ಕೆ ಕುಸಿದಳು. ನಮಿತಾ ಮಾತ್ರ ನಗಲಿಲ್ಲ. ರೆಕಾರ್ಡಿಂಗ್ ನಿಲ್ಲಿಸಲು ಮರೆತಿದ್ದ ಅವಳು ಪರದೆಯನ್ನೇ ನೋಡುತ್ತಿದ್ದಳು.

"ರಂಜನಿ, ಇಲ್ಲಿ ಬಾ. ಇದನ್ನ ನೋಡು."

ಹಾಕಿ ತೋರಿಸಿದಳು. ಆ ಮಾತಿನ ಬೆನ್ನಿಗೇ ಚಿತ್ರದಲ್ಲಿ ಮೇವಿಸ್ ನಗುವುದಿತ್ತು. ಮೊದಲು ಮೂಗಿನಲ್ಲಿ ಒಂದು ಸದ್ದು, ತುಟಿಗೆ ಕೈ, ಆಮೇಲೆ ತಲೆ ಹಿಂದಕ್ಕೆ ಚೆಲ್ಲಿ ಭೋರೆಂದು ನಗು. ವಸಂತಿಯವರ ನಗು ಅವಳ ಬಾಯಿಗೆ ಹೇಳಿ ಮಾಡಿಸಿದಂತೆ ಕೂತಿತ್ತು. ಇಪ್ಪತ್ತರ ಮುಖಕ್ಕೆ ಅರವತ್ತರ ನಗು ಎಂದು ಯಾರೂ ಹೇಳುವ ಹಾಗಿರಲಿಲ್ಲ.

ಅಲ್ಲಿಂದ ಮುಂದೆ ಹರೆಯದ ಮೇವಿಸ್ ಲಾವಣ್ಯಾಳಾಗಿ ಮಾತಾಡಿದಳು, ವಸಂತಿಯಾಗಿ ನಕ್ಕಳು. ನಗುವ ದೃಶ್ಯ ಬಂದಾಗಲೆಲ್ಲ ಲಾವಣ್ಯಾ ಅವರ ಕಿವಿಯಲ್ಲಿ "ಭಾಲೂ" ಎಂದರೆ ಸಾಕಾಗುತ್ತಿತ್ತು.

ಸಂಘದ ಹಾಲಿನಲ್ಲಿ ಚಿತ್ರ ತೋರಿಸಿದ ಭಾನುವಾರ ಕುರ್ಚಿ ಸಾಲದೆ ಜಮಖಾನ ಹಾಸಿದರು. ದೋಣಿಯ ನಗು ಬಂದಾಗ ಪೂವಪ್ಪನವರು ಪಕ್ಕದವರ ತೊಡೆ ತಟ್ಟಿ, "ಇದು ನಮ್ಮವಳು!" ಎಂದು ಕೂಗಿದರು. ಕೊನೆಯಲ್ಲಿ ಹೆಸರುಗಳು ಬಂದವು. ಲಾವಣ್ಯಾಳ ಹೆಸರಿನ ಕೆಳಗೆ, "ನಗು: ವಸಂತಿ ಪೂಜಾರಿ." ಜನ ಚಪ್ಪಾಳೆ ಹೊಡೆದರು. ವಸಂತಿಯವರು ಎದ್ದು ನಿಂತು ನಮಸ್ಕಾರ ಮಾಡಿದರು, ಕಣ್ಣು ಒರೆಸಿಕೊಂಡರು, ಜಮಖಾನದ ಮೇಲೆ ಚಹಾ ಚೆಲ್ಲಿದವರಿಗೆ ಎರಡು ಮಾತು ಅಂದರು.

ಮೇವಿಸ್‌ಳ ಚಿತ್ರಗಳೆಲ್ಲ ಈಗ ಮುಗಿದಿವೆ. ರಂಜನಿ ಮಕ್ಕಳ ಕಾರ್ಟೂನ್ ಒಂದನ್ನು ಹಿಡಿದಿದ್ದಾಳೆ. ಅದರಲ್ಲಿ ವಸಂತಿಯವರದು ಹಲ್ಲುನೋವಿನ ಮೊಸಳೆಯ ಪಾತ್ರ. ಮೊಸಳೆ ಹೇಗೆ ನರಳುತ್ತದೆಂದು ಯಾರಿಗೂ ಗೊತ್ತಿಲ್ಲ. ಅವರು ಅಡಿಗೆಮನೆಯಲ್ಲಿ ದಿನವೂ ಬೇರೆ ಬೇರೆ ಥರ ನರಳಿ ನೋಡುತ್ತಿದ್ದಾರೆ, ಪೂವಪ್ಪನವರು ಪೇಪರಿನ ಹಿಂದಿನಿಂದ ಯಾವುದು ಒಳ್ಳೆಯದೆಂದು ಹೇಳುತ್ತಿದ್ದಾರೆ.